ನಾನೇ ಕೂಡಿಹಾಕಿದ ಆನೆ

ದಸರಾ ರಜೆಗೆ ಮೈಸೂರಿನಿಂದ ಬಂದಿಳಿದ ಆ ಕುಟುಂಬಕ್ಕೆ ಕಾಫಿ ಕೊಡುವುದಕ್ಕೂ ಮುಂಚೆ ನಾನು ಹೇಳಿದ್ದು ಬೇಲಿಯ ವಿಷಯ. "ಸುತ್ತಲೂ ಸೋಲಾರ್ ತಂತಿ ಎಳೆಸಿದ್ದೀವಿ. ಆನೆ ಒಳಗೆ ಕಾಲಿಡಲ್ಲ. ನೀವು ನಿಶ್ಚಿಂತೆಯಾಗಿ ಮಲಗಿ" ಎಂದೆ. ಬಂದವರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು ಅದು. ಮಾರನೆಯ ದಿನ ಬೆಳಿಗ್ಗೆ ಅದೇ ಮಾತು ನನ್ನ ಕುತ್ತಿಗೆಗೆ ಬಂತು.

ನಮ್ಮ ಜಮೀನು ಇರುವುದು ಹನಗೋಡು ದಾಟಿ ಕಾಡಿನ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ. ಬೆಳೆ ಕಾಯುವುದಕ್ಕೆಂದು ನಮ್ಮ ಮಾವನವರು ಅಲ್ಲಿ ಎರಡು ಕೋಣೆಯ ಹೆಂಚಿನ ಮನೆ ಕಟ್ಟಿಸಿದ್ದರು. ಅವರು ಹೋದ ಮೇಲೆ ಅದರಲ್ಲಿ ಹೊಗೆಸೊಪ್ಪಿನ ಮೂಟೆ, ಗೊಬ್ಬರದ ಚೀಲ ತುಂಬುತ್ತಿದ್ದೆವು. ಕಾಡು ನೋಡಲು ಪೇಟೆಯ ಜನ ಕಾರು ಮಾಡಿಕೊಂಡು ಬರುವುದು ಶುರುವಾದಾಗ ನನ್ನ ಗಂಡ ಮೂಟೆಗಳನ್ನು ಹೊರಗೆ ಹಾಕಿಸಿ, ಹೊಸ ಬಚ್ಚಲು ಕಟ್ಟಿಸಿ, ಗೇಟಿಗೆ ‘ಕಾಟೇಜ್’ ಅಂತ ಬೋರ್ಡು ಬರೆಸಿದರು. ಬೋರ್ಡು ಅವರದು, ಒಲೆ ನನ್ನದು. ನಾವು ಇರುವುದು ಊರೊಳಗಿನ ಮನೆಯಲ್ಲಿ. ಅತಿಥಿಗಳು ಬಂದಾಗ ಮಾತ್ರ ನಾನು ಬಂದು ಕಾಟೇಜಿನ ಹಿಂದಿನ ಅಡುಗೆ ಕೋಣೆಯಲ್ಲಿ ಮಲಗುತ್ತಿದ್ದೆ.

ಜಮೀನಿನ ಲೆಕ್ಕ ಹೀಗೆ: ರಸ್ತೆ ಬದಿಗೆ ಗೇಟು, ಗೇಟಿನ ಪಕ್ಕದಲ್ಲೇ ಕಾಟೇಜು. ಅದರ ಹಿಂದೆ ರಾಗಿ ಹೊಲ. ಹೊಲದ ಆ ತುದಿಗೆ, ಸುಮಾರು ನೂರೈವತ್ತು ಹೆಜ್ಜೆ ದೂರದಲ್ಲಿ, ಬೋರ್‌ವೆಲ್ಲಿನ ಪಂಪ್‌ಹೌಸು. ಪಂಪ್‌ಹೌಸಿನ ಸುತ್ತ ಬಾಳೆ. ಬಾಳೆಯ ಆಚೆ ಬೇಲಿ. ಬೇಲಿಯ ಆಚೆ ಕಾಡು.

ಬೇಲಿ ಅಂದರೆ ನಾಲ್ಕು ಎಳೆ ತಂತಿ. ಪಂಪ್‌ಹೌಸಿನ ಒಳಗೋಡೆಗೆ ಒಂದು ಪೆಟ್ಟಿಗೆ, ಅದರ ಕೆಳಗೆ ಬ್ಯಾಟರಿ, ಸೂರಿನ ಮೇಲೆ ಸೋಲಾರ್ ಹಲಗೆ. ಪೆಟ್ಟಿಗೆ ಟಿಕ್ ಟಿಕ್ ಎಂದು ಬಡಿದಾಗಲೆಲ್ಲ ತಂತಿಯಲ್ಲಿ ಒಂದು ಹೊಡೆತ ಹೋಗುತ್ತದೆ. ಮನುಷ್ಯರಾಗಲಿ ಪ್ರಾಣಿಗಳಾಗಲಿ ಸಾಯುವುದಿಲ್ಲ, ಆದರೆ ಮುಟ್ಟಿದವರು ಮತ್ತೆ ಮುಟ್ಟುವುದಿಲ್ಲ. ಪೆಟ್ಟಿಗೆಯ ಸ್ವಿಚ್ಚು ಕೆಟ್ಟು ತಿಂಗಳುಗಳೇ ಆಗಿದ್ದವು. ಬ್ಯಾಟರಿಗೆ ಕಚ್ಚಿಸುವ ಕೆಂಪು ಕ್ಲಿಪ್ಪು ಕಿತ್ತರೆ ಆರಿತು, ಕಚ್ಚಿಸಿದರೆ ಹತ್ತಿತು. ರಿಪೇರಿ ಮಾಡಿಸೋಣ ಎಂದು ನಾನು ಹೇಳುವುದು, ಮಾಡಿಸೋಣ ಎಂದು ನನ್ನ ಗಂಡ ಹೇಳುವುದು, ಇಷ್ಟರಲ್ಲೇ ಆ ವರ್ಷ ಕಳೆದಿತ್ತು.

ಬಂದವರು ಐದು ಜನ. ಕಾಲೇಜಿನ ಲೆಕ್ಚರರು, ಅವರ ಹೆಂಡತಿ, ಚಿಕ್ಕ ಮಕ್ಕಳಿಬ್ಬರು, ಮತ್ತೆ ಲೆಕ್ಚರರ ತಾಯಿ. ಆ ಅಜ್ಜಿಗೆ ಎಪ್ಪತ್ತು ದಾಟಿತ್ತು. ಬಂದ ತಕ್ಷಣ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಪೂಜೆಗೆ ಹೂವು ಎಲ್ಲಿ ಸಿಗತ್ತಮ್ಮಾ?" ನಾನು ಪಂಪ್‌ಹೌಸಿನ ಕಡೆ ಕೈ ತೋರಿಸಿ, "ಅಲ್ಲಿ ದಾಸವಾಳ ಇದೆ, ಕಣಗಿಲೆ ಇದೆ, ಎಷ್ಟು ಬೇಕಾದರೂ ಬಿಡಿಸಿಕೊಳ್ಳಿ" ಎಂದೆ. ಇದೂ ನಾನೇ ಹೇಳಿದ್ದು.

ಸಂಜೆ ಮಕ್ಕಳು ಬೇಲಿಯ ಹತ್ತಿರ ಕೋಲು ಹಿಡಿದು ಓಡಾಡುವುದನ್ನು ಕಂಡು ಅವರ ತಾಯಿ ಗಾಬರಿಯಾದರು. ಇದರಿಂದ ಸಾಯುವುದಿಲ್ಲ ಎಂದು ನಾನು ವಿವರಿಸಿದಷ್ಟೂ ಅವರ ಗಾಬರಿ ಜಾಸ್ತಿಯಾಯಿತು. ಸಾಯುವ ಮಾತು ಎತ್ತಿದ್ದೇ ತಪ್ಪು. "ಬೇಡ ರೀ, ಈಗಲೇ ಹೊರಟುಬಿಡೋಣ" ಎಂದು ಗಂಡನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆಗಲೇ ಕೋಳಿ ಸಾರು ತಿನ್ನದವರಿಗೆಂದು ಅವರೆಕಾಳು ನೆನೆಹಾಕಿ, ಹಿಟ್ಟು ರುಬ್ಬಿಟ್ಟು, ಹಾಸಿಗೆಗೆ ಹೊಸ ಹೊದಿಕೆ ಹಾಕಿದ್ದೆ. ಬಂದ ನೆಂಟರು ಉಣ್ಣದೆ ಎದ್ದು ಹೋದರೆ ಆಗುವ ಸಂಕಟವೇ ನನಗೆ ಆಯಿತು. "ಮಕ್ಕಳು ಒಳಗೆ ಬರೋವರೆಗೂ ಆರಿಸ್ತೀನಿ ಬಿಡಿ" ಎಂದು ಹೋಗಿ ಕ್ಲಿಪ್ಪು ಕಿತ್ತು ಬಂದೆ.

ಮತ್ತೆ ಕಚ್ಚಿಸಬೇಕು ಎಂದು ನೆನಪಾದದ್ದು ಎಲ್ಲರೂ ಉಂಡ ಮೇಲೆ. ಆಗ ಕತ್ತಲಾಗಿತ್ತು. ನನ್ನ ಗಂಡ ಹರಾಜಿಗೆ ಹೊಗೆಸೊಪ್ಪು ಹಾಕಿಕೊಂಡು ಪಿರಿಯಾಪಟ್ಟಣದ ಕಡೆ ಹೋದವರು ಬಂದಿರಲಿಲ್ಲ. ಕಾವಲಿನ ತಾತ ಹಬ್ಬವೆಂದು ಕಾಡಂಚಿನಲ್ಲಿರುವ ತನ್ನ ಜನರ ಹಾಡಿಗೆ ಹೋಗಿದ್ದ. ಒಬ್ಬಳೇ ರಾಗಿ ಹೊಲ ದಾಟಿ ಹೋಗಲು ನನಗೆ ಧೈರ್ಯ ಬರಲಿಲ್ಲ. ಒಂದು ರಾತ್ರಿಗೆ ಏನಾಗುತ್ತದೆ ಎಂದುಕೊಂಡೆ. ಮಲಗುವ ಮುಂಚೆ ಲೆಕ್ಚರರು, "ಬೇಲಿಗೆ ಕರೆಂಟ್ ಹಾಕಿದ್ದೀರಿ ತಾನೆ?" ಎಂದು ಕೇಳಿದರು. ನಾನು "ಹೂಂ ಸಾರ್" ಎಂದೆ.

ನಿದ್ದೆ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ಎದ್ದು, ಮಂಜಿನಲ್ಲೇ ಕಾಲುದಾರಿ ಹಿಡಿದು ಪಂಪ್‌ಹೌಸಿಗೆ ಹೋಗಿ ಕ್ಲಿಪ್ಪು ಕಚ್ಚಿಸಿದೆ. ಪೆಟ್ಟಿಗೆ ಟಿಕ್ ಎಂದಿತು. ಬಾಳೆಯ ಒಳಗೆಲ್ಲೋ ಸರಸರ ಎಂದ ಹಾಗಾಯಿತು, ಗಾಳಿ ಇರಬೇಕು ಎಂದುಕೊಂಡೆ. ಹತ್ತು ಮಾರು ಆಚೆಗೆ ಏನೂ ಕಾಣದಷ್ಟು ಮಂಜು. ಬಾಗಿಲು ಎಳೆದುಕೊಂಡು ವಾಪಸು ಬರುವಾಗ ದೊಡ್ಡ ಹೊರೆ ಇಳಿದ ಹಾಗಿತ್ತು. ನನ್ನ ಸುಳ್ಳು ಯಾರಿಗೂ ಗೊತ್ತಾಗದೆ ಮುಗಿದುಹೋಯಿತು ಎಂದು ಹಿಗ್ಗಿಕೊಂಡು ಇಡ್ಲಿಗೆ ಒಲೆ ಹಚ್ಚಿದೆ.

ಇಡ್ಲಿ ಬೇಯುವ ಮೊದಲೇ ಲೆಕ್ಚರರ ಹೆಂಡತಿ ಅಡುಗೆ ಕೋಣೆಗೆ ಬಂದು, "ಅತ್ತೆ ಇಲ್ಲಿ ಬಂದಿದ್ರಾ?" ಎಂದರು. ಅಜ್ಜಿ ಸ್ನಾನ ಮುಗಿಸಿದ್ದರು, ಹೂವಿನ ಬುಟ್ಟಿ ಇರಲಿಲ್ಲ. ನಾವಿಬ್ಬರೂ ಹಿತ್ತಿಲಿಗೆ ಬಂದು ನಿಂತಾಗ ಮಂಜು ಮೇಲೇಳುತ್ತಿತ್ತು. ಮೊದಲು ಪಂಪ್‌ಹೌಸಿನ ಸೂರು ಕಂಡಿತು. ಆಮೇಲೆ ಅದಕ್ಕಿಂತ ಎತ್ತರವಾದ ಬೆನ್ನು ಕಂಡಿತು.

ಒಂಟಿ ಸಲಗ. ಬಾಳೆಯೊಳಗೆ ನಿಂತು ಒಂದು ಗಿಡ ಸೀಳಿ ತಿರುಳು ತಿನ್ನುತ್ತಿತ್ತು. ಕಾಲುದಾರಿಯಲ್ಲಿ ಅಜ್ಜಿಯ ಬುಟ್ಟಿ ಮಗುಚಿ ಬಿದ್ದಿತ್ತು. ಲೆಕ್ಚರರು ಓಡಿ ಬಂದರು, "ಅಮ್ಮಾ" ಎಂದು ಕೂಗಲು ಬಾಯಿ ತೆರೆದವರನ್ನು ಅವರ ಹೆಂಡತಿಯೇ ಹಿಡಿದು ನಿಲ್ಲಿಸಿದರು. ಪಂಪ್‌ಹೌಸಿನ ತಗಡಿನ ಬಾಗಿಲು ಮುಚ್ಚಿತ್ತು. ಪಕ್ಕದ ಗೋಡೆಯ ಗವಾಕ್ಷಿಯ ಸರಳುಗಳ ನಡುವಿನಿಂದ ಒಂದು ಕೈ ಆಚೆ ಬಂದು, ಸೀರೆಯ ಸೆರಗು ಒಂದು ಸಲ ಆಡಿ ಒಳಗೆ ಹೋಯಿತು. ಅಜ್ಜಿ ಬದುಕಿದ್ದರು. ಆನೆಗೂ ಆ ಬಾಗಿಲಿಗೂ ನಡುವೆ ಎರಡು ಬಾಳೆಗಿಡ ಇದ್ದವು.

ಅರಣ್ಯ ಇಲಾಖೆಗೆ ಫೋನ್ ಮಾಡಿದೆವು. ಅವರ ಜನ ಬೇರೆ ಊರಿನ ಹೊಲಕ್ಕೆ ನುಗ್ಗಿದ್ದ ಹಿಂಡನ್ನು ಅಟ್ಟುತ್ತಿದ್ದರು, ಬರುವುದು ತಡವಾಗುತ್ತದೆ, ಯಾರೂ ಹತ್ತಿರ ಹೋಗಬೇಡಿ ಎಂದರು. ಅಷ್ಟರಲ್ಲಿ ಸುದ್ದಿ ಊರಿಗೆ ಮುಟ್ಟಿ, ಏಳೆಂಟು ಗಂಡಸರು ಪಟಾಕಿ ಸರ, ತಮಟೆ ಹಿಡಿದು ಗೇಟಿಗೆ ಬಂದರು. ಕಾವಲಿನ ತಾತನೂ ಬಂದ. ವಯಸ್ಸಿನಲ್ಲಿ ಆನೆ ಕ್ಯಾಂಪಿನಲ್ಲಿ ಮಾವುತನ ಕೈಕೆಳಗಿನ ಕಾವಾಡಿಯಾಗಿದ್ದವನು. ಅವನು ಯಾರ ಜೊತೆಗೂ ಮಾತಾಡದೆ ಬೇಲಿಯ ಆಚೆ ಬದಿಯಿಂದ ಒಂದು ಸುತ್ತು ಹೋದ.

ಅವನು ಹೋದಾಗ ಆನೆ ಕಾಡಿನ ಕಡೆ ನಡೆಯಿತು. ಹೊರಟಿತು ಎಂದು ಎಲ್ಲರೂ ಉಸಿರು ಬಿಟ್ಟೆವು. ಬೇಲಿಯ ಹತ್ತಿರ ಆನೆ ಒಮ್ಮೆ ಕಿರುಚಿತು. ಕಿವಿ ಅಗಲಿಸಿಕೊಂಡು ದಡದಡ ವಾಪಸು ಬಂದು ಪಂಪ್‌ಹೌಸಿನ ಗೋಡೆಗೆ ಬೆನ್ನು ತಾಗಿಸಿ ನಿಂತಿತು. ಸೂರಿನ ಒಂದು ತಗಡು ಕಳಚಿ ಕೆಳಗೆ ಬಿತ್ತು. ಲೆಕ್ಚರರು ನೆಲದ ಮೇಲೆ ಕೂತುಬಿಟ್ಟರು.

ತಾತ ವಾಪಸು ಬಂದು ನನ್ನ ಹತ್ತಿರ ನಿಂತ. "ಎಲ್ಲೂ ತಂತಿ ಕಿತ್ತಿಲ್ಲ ಕಣವ್ವ. ಬಾಳೆ ನೇರಕ್ಕೆ ಒಂದ್ ಕಂಬ ಒಸಿ ವಾಲೈತೆ. ತಂತಿ ತುಳ್ದು ದಾಟ್ಕಂಡು ಬಂದದೆ. ಒಳೀಕ್ ಬಂದಿರೋ ಎಜ್ಜೆ ಅದೆ, ಆಚೀಕ್ ಓಗಿರೋದು ಇಲ್ಲ. ಉಲ್ಲು ಇಟ್ಟು ನೋಡ್ದೆ, ಜುಮ್ ಅಂತದೆ." ಇಲ್ಲಿನವರು ತಂತಿಯಲ್ಲಿ ಕರೆಂಟು ಇದೆಯೇ ಎಂದು ನೋಡುವುದು ಹಾಗೆಯೇ, ಹಸಿ ಹುಲ್ಲಿನ ಎಸಳು ತಾಗಿಸಿ. "ಇಂಥಾ ಕರೆಂಟಲ್ಲಿ ಅದೆಂಗ್ ಬಂತು ಅಂತ ನಂಗೇ ತಿಳೀದು" ಎಂದ.

ನನಗೆ ತಿಳಿದಿತ್ತು.

ಪಟಾಕಿ ಹಿಡಿದಿದ್ದವನು, ನಮ್ಮ ಪಕ್ಕದ ಜಮೀನಿನವನು, ಲೆಕ್ಚರರಿಗೆ ಧೈರ್ಯ ಹೇಳುತ್ತಿದ್ದ. "ಸಾರ್, ಕರೆಂಟ್‌ಗೇ ಎದರ್ದೆ ಬಂದಿರೋ ಆನೆ ಕಣ್ರೀ ಇದು. ಈ ಕಡೆಯಿಂದ ಒಂದು ಸರ ಹಚ್ಚಿ ತಮಟೆ ಬಡುದ್ರೆ, ಬಂದ ದಾರೀಲೇ ತಂತಿ ತುಳ್ಕಂಡು ಓಡೋಯ್ತದೆ. ಐದು ನಿಮಿಷದ ಕೆಲ್ಸ ಬುಡಿ." ಎಲ್ಲರಿಗೂ ಅದೇ ಸರಿ ಕಂಡಿತು. ಲೆಕ್ಚರರು, "ಹಚ್ಚಿ, ಏನಾದರೂ ಮಾಡಿ" ಎಂದರು.

ಅದು ಕರೆಂಟಿಗೆ ಹೆದರದ ಆನೆಯಲ್ಲ ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಸತ್ತ ತಂತಿ ದಾಟಿ ಬಂದು, ಈಗ ಜೀವ ಇರುವ ತಂತಿಯ ಒಳಗೆ ಸಿಕ್ಕಿಕೊಂಡಿತ್ತು. ಪಟಾಕಿಗೆ ಓಡಿದರೆ ಮೂತಿಗೆ ಹೊಡೆತ ತಿಂದು ಹಿಂದಕ್ಕೆ ತಿರುಗುತ್ತದೆ. ತಿರುಗಿದರೆ ಮೊದಲು ಸಿಗುವುದು ಆ ಒಂಟಿ ಇಟ್ಟಿಗೆಯ ಗೋಡೆ. ಇಷ್ಟು ತಿಳಿದೂ ನಾನು ಸುಮ್ಮನೆ ನಿಂತಿದ್ದೆ. ಹೇಳಿದರೆ ಎಲ್ಲರ ಮುಂದೆ ಮಾನ ಹೋಗುತ್ತದೆ, ಬೋರ್ಡು ಇಳಿಸಬೇಕಾಗುತ್ತದೆ, ಗಂಡನಿಗೆ ಏನು ಹೇಳಲಿ, ಇಂಥವೇ ತಲೆಯಲ್ಲಿ. ಬ್ಯಾಟರಿ ಹಳೆಯದು, ರಾತ್ರಿ ತಾನಾಗಿಯೇ ನಿಂತಿರಬಹುದು ಎಂದು ಹೇಳಿದರೆ ಹೇಗೆ ಎಂದೂ ಲೆಕ್ಕ ಹಾಕಿದೆ. ಆ ಹೊತ್ತಿನ ನನ್ನನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಪಕ್ಕದ ಜಮೀನಿನವನು ಬೆಂಕಿಪೊಟ್ಟಣ ತೆಗೆದ. ನಾನು ಹೋಗಿ ಅವನ ಕೈ ಹಿಡಿದುಕೊಂಡೆ.

"ರಾತ್ರಿ ಕರೆಂಟ್ ಇರಲಿಲ್ಲ. ನಾನೇ ಆರಿಸಿದ್ದೆ. ಬೆಳಿಗ್ಗೆ ನಾನೇ ಹಾಕಿದೆ. ಆಗ ಅದು ಒಳಗಿತ್ತು" ಎಂದೆ.

ಲೆಕ್ಚರರು ನನ್ನ ಕಡೆ ನೋಡಿ, "ರಾತ್ರಿ ಕೇಳಿದ್ನಲ್ಲಾ ನಿಮ್ಮನ್ನ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಹೆಂಡತಿ, "ನಾನು ಗಾಬರಿಯಾಗಿದ್ದಕ್ಕೇ ಆರಿಸಿದ್ದು" ಎಂದು ಅಳತೊಡಗಿದರು. ಅವರ ಗಾಬರಿ ಸಂಜೆಯದು. ರಾತ್ರಿಯ ಹೂಂ ನನ್ನದೇ.

ತಾತ ಮಾತ್ರ ಬೈಯಲೂ ಇಲ್ಲ, ಸಮಾಧಾನವೂ ಹೇಳಲಿಲ್ಲ. "ಅಂಗಾರೆ ಪಟಾಕಿ ಎತ್ತಿಡ್ರಲಾ" ಎಂದು ಗಂಡಸರಿಗೆ ಹೇಳಿ, ಏನು ಮಾಡಬೇಕೆಂದು ಒಂದೊಂದಾಗಿ ವಿವರಿಸಿದ. ವಾಲಿದ ಕಂಬದ ಹತ್ತಿರ ನಾಲ್ಕು ಎಳೆಯನ್ನೂ ಕಂಬದಿಂದ ಬಿಡಿಸಿ, ನೆಲಕ್ಕೆ ಒತ್ತಿ, ಮೇಲೆ ಕಲ್ಲು ಹೇರಬೇಕು. ಆನೆ ತಾನು ಬಂದ ಜಾಗಕ್ಕೆ ಮತ್ತೆ ಬಂದು ನೋಡುತ್ತದೆ. ಆಗ ತಂತಿಯಲ್ಲಿ ಜೀವ ಇರಬಾರದು. ಕತ್ತರಿಸಿದರೆ ಆಗುವುದಿಲ್ಲ, ಪೆಟ್ಟಿಗೆಯ ಕಡೆಯ ತುಂಡಿನಲ್ಲಿ ಕರೆಂಟು ಉಳಿದೇ ಇರುತ್ತದೆ. ಒಮ್ಮೆ ಕಾಲಿಗೆ ಹೊಡೆದರೆ ಆ ದಿಕ್ಕಿಗೇ ಅದು ಮತ್ತೆ ತಲೆ ಹಾಕುವುದಿಲ್ಲ.

ಕರೆಂಟು ಆರಿಸುವ ಕ್ಲಿಪ್ಪು ಇರುವುದು ಪಂಪ್‌ಹೌಸಿನಲ್ಲಿ. ಪಂಪ್‌ಹೌಸಿನಲ್ಲಿ ಇರುವವರು ಅಜ್ಜಿ.

"ಅಮ್ಮ ಫ್ಯಾನ್ ಸ್ವಿಚ್ಚೂ ಮುಟ್ಟಲ್ಲ. ಮೊಮ್ಮಗಳ ಕೈಲಿ ಹಾಕಿಸ್ತಾರೆ" ಎಂದರು ಲೆಕ್ಚರರು. ಇಲ್ಲಿಂದ ಕೂಗಿ ಹೇಳುವ ಹಾಗಿರಲಿಲ್ಲ. ಯಾರಾದರೂ ಗವಾಕ್ಷಿಯ ಹತ್ತಿರ ಹೋಗಿ ಹೇಳಬೇಕು. ಲೆಕ್ಚರರು ತಾವೇ ಹೋಗುತ್ತೇನೆಂದು ಎದ್ದರು. ಅವರು ಆ ಪೆಟ್ಟಿಗೆಯನ್ನು ಕಂಡವರೇ ಅಲ್ಲ. ತಾತ ಕಂಬದ ಹತ್ತಿರ ಇರಬೇಕು. ಕ್ಲಿಪ್ಪು ಎಲ್ಲಿದೆ, ಹೇಗೆ ಕೀಳಬೇಕು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳು ನಾನು. "ನಾನು ಹೋಗ್ತೀನಿ" ಎಂದೆ. ಧೈರ್ಯದಿಂದ ಅಂದದ್ದಲ್ಲ. ಅಲ್ಲಿ ನಿಂತು ಅವರ ಮುಖ ನೋಡುವುದಕ್ಕಿಂತ ಅದೇ ವಾಸಿ ಅನ್ನಿಸಿತು.

ತಾತ ಮಣ್ಣು ತೂರಿ ಗಾಳಿ ನೋಡಿದ. "ಕಾಲುವೆ ಗುಂಟ ಓಗಿ ಅವ್ವ. ಗಾಳಿ ನಿಮ್ ಕಡೀಕೇ ಬತ್ತಾ ಅದೆ. ಚಪ್ಲಿ ಬುಡಿ. ಮುಡಿದಿರೋ ಊವಾ ತೆಗೀರಿ. ಪಿಸುಗುಟ್ಬೇಡಿ, ಕೂಗ್ಬೇಡಿ. ಮನೇಲಿ ಮಾತಾಡೋ ಅಂಗೆ ಮಾತಾಡಿ. ಅದು ಕಿವಿ ಆಡುಸ್ತಾ ಇದ್ರೆ ಪರ್ವಾಗಿಲ್ಲ. ಕಿವಿ ನಿಲ್ಸುದ್ರೆ ನೀವೂ ನಿಂತ್ಕಳಿ." ಅಷ್ಟು ಹೇಳಿ ತನ್ನ ದಾರಿ ಹಿಡಿದ.

ಕಾಲುವೆ ಪಂಪ್‌ಹೌಸಿನ ಎಡ ಗೋಡೆಯವರೆಗೂ ಹೋಗುತ್ತದೆ. ಹೊಲಕ್ಕೆ ನೀರು ಬಿಡುವ ಮೊಣಕಾಲಾಳದ ಕಾಲುವೆ, ಕೆಳಗೆ ಕೆಸರು. ಬಗ್ಗಿಕೊಂಡೇ ಹೋದೆ. ಅರ್ಧ ದಾರಿಯಲ್ಲಿ ವಾಪಸು ಹೋಗಿಬಿಡೋಣ ಎಂದು ನಿಜವಾಗಿಯೂ ಒಮ್ಮೆ ತಿರುಗಿದೆ. ತಿರುಗಿದರೆ ದೂರದಲ್ಲಿ ಹಿತ್ತಿಲಿನಲ್ಲಿ ಅವರೆಲ್ಲ ನಿಂತು ನನ್ನನ್ನೇ ನೋಡುತ್ತಿದ್ದರು. ಮತ್ತೆ ಮುಂದಕ್ಕೆ ಹೋದೆ.

ಗೋಡೆಯ ಪಕ್ಕ ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಮೇಲೆ ನಿಂತರೆ ಗವಾಕ್ಷಿ ನನ್ನ ಮುಖಕ್ಕೆ ಸರಿಯಾಗಿ ಸಿಕ್ಕಿತು. ಗೋಡೆಯ ಆಚೆ ಬದಿಯಿಂದ ಆನೆಯ ಹೊಟ್ಟೆಯ ಗುಡುಗುಡು ಕೇಳಿಸುತ್ತಿತ್ತು. ಒಳಗೆ ಕತ್ತಲು. ಅಜ್ಜಿ ಮೋಟಾರಿನ ಹಿಂದಿನ ಮೂಲೆಯಲ್ಲಿ ಒದ್ದೆ ಸೀರೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು, ತುಟಿ ಆಡುತ್ತಿತ್ತು.

"ಅಮ್ಮ, ನಾನು ಕಾಟೇಜಿನವಳು" ಎಂದೆ.

ಅಜ್ಜಿ ತಲೆ ಎತ್ತಿದರು. "ಮಕ್ಕಳು ಒಳಗಿದಾವಾ?"

"ಇದಾವೆ. ಎಲ್ಲರೂ ಚೆನ್ನಾಗಿದಾರೆ."

"ಅದು ಬಾಗಿಲಿಗೆ ಮೈ ಉಜ್ಜಿಕೊಂಡು ಹೋಯ್ತಮ್ಮ" ಎಂದರು. ಆಮೇಲೆ ಗೋಡೆಯ ಪೆಟ್ಟಿಗೆಯ ಕಡೆ ಕಣ್ಣಲ್ಲೇ ತೋರಿಸಿ, "ಇದು ಆಗಿಂದ ಟಿಕ್ ಟಿಕ್ ಅಂತಿದೆ. ಸಿಡಿಯತ್ತಾ?" ಎಂದರು. ಅವರು ಆನೆಗಿಂತ ಆ ಪೆಟ್ಟಿಗೆಗೆ ಹೆದರಿ ಆ ಮೂಲೆ ಸೇರಿದ್ದರು.

ಆ ಪೆಟ್ಟಿಗೆಯನ್ನೇ ಆರಿಸಬೇಕು, ಆಗ ಆನೆ ಹೋಗುತ್ತದೆ ಎಂದು ಹೇಳಿದೆ. ಕೆಳಗೆ ಕರಿ ಡಬ್ಬಿ ಇದೆ, ಅದರ ಮೇಲೆ ಕೆಂಪು ಚಿಮಟದ ಹಾಗೆ ಒಂದು ಕಚ್ಚಿಕೊಂಡಿದೆ, ಅದನ್ನು ಎರಡು ಬೆರಳಲ್ಲಿ ಒತ್ತಿ ಕೀಳಬೇಕು, ಏನೂ ಹೊಡೆಯುವುದಿಲ್ಲ ಎಂದೆ. ಅಜ್ಜಿ ನನ್ನನ್ನೇ ನೋಡಿದರು. ನಿನ್ನೆ ಇದೇ ಬಾಯಲ್ಲಿ ಆನೆ ಬರುವುದಿಲ್ಲ ಎಂದವಳು ನಾನು.

"ಮೈ ಒದ್ದೆ ಇದೆಯಲ್ಲಮ್ಮ" ಎಂದರು.

"ಪರವಾಗಿಲ್ಲಮ್ಮ. ನಾನು ದಿನಾ ಮುಟ್ತೀನಿ."

ಅಜ್ಜಿ ಎದ್ದರು. ಗೋಡೆ ಹಿಡಿದುಕೊಂಡು ಮೋಟಾರು ಸುತ್ತಿ ಬಂದು ಬ್ಯಾಟರಿಯ ಮುಂದೆ ಕೂತರು. ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಂಡರು. ಕೈ ಚಾಚುವುದು, ಟಿಕ್ ಎಂದಾಗ ಹಿಂದಕ್ಕೆ ಎಳೆದುಕೊಳ್ಳುವುದು, ಹೀಗೆ ಮೂರು ಸಲ ಆಯಿತು. ನಾಲ್ಕನೆಯ ಸಲ ಕ್ಲಿಪ್ಪು ಹಿಡಿದರು. ಬೆರಳಿಗೆ ಬಲ ಸಾಲದೆ ಅದು ಜಾರಿತು. ಎರಡೂ ಕೈಯಲ್ಲಿ ಒತ್ತಿ ಎಳೆದರು. ಟಿಕ್ ಟಿಕ್ ನಿಂತಿತು.

"ಅದನ್ನ ಕೈಯಲ್ಲೇ ಹಿಡ್ಕೊಂಡಿರಿ ಅಮ್ಮ. ಡಬ್ಬಿಗೆ ತಾಗಬಾರದು. ನಾನು ಬರೋವರೆಗೂ ಹಾಗೇ ಇರಿ" ಎಂದು ಅವಸರದಲ್ಲಿ ಹೇಳಿ ಕಲ್ಲಿನಿಂದ ಇಳಿದೆ. ಗೋಡೆಯ ಆಚೆ ಹೊಟ್ಟೆಯ ಸದ್ದು ನಿಂತಿತ್ತು. ಕಾಲುವೆಯಲ್ಲಿ ಮುದುರಿ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಮತ್ತೆ ಬಾಳೆ ಸೀಳುವ ಸದ್ದು ಶುರುವಾದ ಮೇಲೆ ತೆವಳಿಕೊಂಡು ವಾಪಸು ಬಂದೆ.

ಅಲ್ಲಿಂದ ಮುಂದೆ ಮಾಡಲು ಏನೂ ಇರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ತಾತ ಹುಲ್ಲು ಇಟ್ಟು ನೋಡಿ, ತಂತಿ ಬಿಡಿಸಿ, ಕಲ್ಲು ಹೇರಿ, ಗಾಳಿಯ ಈ ಬದಿಗೆ ಬಂದು ಕೂತಾಗಿತ್ತು. ಆನೆಗೆ ಅವಸರವಿರಲಿಲ್ಲ. ಬಾಳೆ ಮುಗಿಸಿತು. ರಾಗಿಗೆ ಇಳಿದು ಒಂದು ಪಟ್ಟಿ ತಿಂದಿತು. ಪಂಪ್‌ಹೌಸಿನ ಬಾಗಿಲಿಗೆ ಬಂದು ಸೊಂಡಿಲಿನಿಂದ ಮೂಸಿತು, ತಗಡು ಅಲ್ಲಾಡಿತು. ಆಗ ಲೆಕ್ಚರರು ನನ್ನ ಕೈ ಹಿಡಿದುಕೊಂಡದ್ದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾದದ್ದು ಆಮೇಲೆಯೇ. ಇಲಾಖೆಯ ಜೀಪು ಬಂದಿತು. ಬಂದವರೂ ತಾತನ ಮಾತು ಕೇಳಿ ಸುಮ್ಮನೆ ನಿಂತರು. ಬಿಸಿಲು ಏರಿತು.

ಕೊನೆಗೆ ಆನೆ ಬಿಸಿಲು ತಾಳದೆ ಕಾಡಿನ ಕಡೆ ತಿರುಗಿತು. ವಾಲಿದ ಕಂಬದ ಹತ್ತಿರ ನಿಂತು ನೆಲದ ತಂತಿಯನ್ನು ಸೊಂಡಿಲ ತುದಿಯಿಂದ ಮುಟ್ಟಿ, ಥಟ್ಟನೆ ಎಳೆದುಕೊಂಡಿತು. ಮತ್ತೆ ಮುಟ್ಟಿತು. ಆಮೇಲೆ ಒಂದೊಂದೇ ಕಾಲು ಎತ್ತಿ, ತಂತಿ ತುಳಿಯದ ಹಾಗೆ ದಾಟಿ, ಲಂಟಾನದ ಪೊದೆಗಳೊಳಗೆ ಮರೆಯಾಯಿತು.

ಎಲ್ಲರೂ ಓಡಿದೆವು. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು, "ಅಮ್ಮ, ಹೋಯ್ತು, ಬಾಗಿಲು ತೆಗಿ" ಎಂದು ಲೆಕ್ಚರರು ಬಡಿದರೂ ತೆಗೆಯಲಿಲ್ಲ. ಗಂಡಸರು ತಗಡು ಒತ್ತಿ ಬಾಗಿಲು ಬಿಚ್ಚಿದರು. ಅಜ್ಜಿ ಬ್ಯಾಟರಿಯ ಮುಂದೆ, ನಾನು ಬಿಟ್ಟು ಬಂದ ಜಾಗದಲ್ಲೇ, ಹಾಗೆಯೇ ಕೂತಿದ್ದರು. ಬಲಗೈಯನ್ನು ಡಬ್ಬಿಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಚಾಚಿ, ಅದು ಇಳಿಯದಂತೆ ಎಡಗೈಯಿಂದ ಮುಂಗೈ ಹಿಡಿದುಕೊಂಡಿದ್ದರು. ಮುಷ್ಟಿಯೊಳಗೆ ಕೆಂಪು ಕ್ಲಿಪ್ಪು. ಒಮ್ಮೆ ಕಿತ್ತ ಮೇಲೆ ಅದನ್ನು ನೆಲಕ್ಕೆ ಬಿಟ್ಟಿದ್ದರೂ ಏನೂ ಆಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೆ ನಾನು ಹೇಳಿರಲಿಲ್ಲ. ಆನೆ ಬಾಗಿಲು ಅಲ್ಲಾಡಿಸಿದಾಗಲೂ ಅವರು ಹೀಗೆಯೇ ಕೂತಿದ್ದರು.

ಲೆಕ್ಚರರು ಮಂಡಿಯೂರಿ ಆ ಬೆರಳುಗಳನ್ನು ಬಿಡಿಸಲು ನೋಡಿದರು. ಅಜ್ಜಿ ಬಿಡಲಿಲ್ಲ. ಮಗನನ್ನು ದಾಟಿ, ಬಾಗಿಲಲ್ಲಿ ಕೆಸರಾಗಿ ನಿಂತಿದ್ದ ನನ್ನನ್ನು ಕಣ್ಣಲ್ಲೇ ಹುಡುಕಿ, ಕೇಳಿದರು:

"ಈಗ ಬಿಡಬಹುದೇನಮ್ಮ?"